ಉರುಳುವ ಕಲ್ಲು ಮತ್ತು ಜಂಗಮದ ಕಲ್ಪನೆ: ಹಿರಿಯ ರಾಕ್ ತಂಡವೊಂದರ ಪ್ರತ್ಯಕ್ಷ ಪ್ರದರ್ಶನವನ್ನು ಕುರಿತು

1

ಕಲಾವಿದನ ಮುಪ್ಪು ಕನ್ನಡ ವಿಮರ್ಶೆಯಲ್ಲಿ ಹೆಚ್ಚು ಚರ್ಚೆಗೆ ಬಂದ ವಿಷಯವಲ್ಲ. ಹಿರಿಯ ಗಾಯಕನನ್ನೋ ನಟನನ್ನೋ ಕುರಿತು ಬರೆಯುವಾಗ ಬರವಣಿಗೆ ಅಭಿನಂದನೆಯ ಧಾಟಿಗೆ ತಾನಾಗಿಯೇ ಹೊರಳುತ್ತದೆ. ಅವನ ಸಾಧನೆಯ ವಿವರಗಳು ಮುಂದೆ ಬರುತ್ತವೆ. ಆ ಹೊತ್ತಿನ ಅವನ ಕಲೆ ಹಿಂದೆ ಸರಿಯುತ್ತದೆ. ಹೀಗಾಗಿ ವಯಸ್ಸಾದ ಮೇಲೂ ರಂಗವನ್ನು ಬಿಡದ ಕಲಾವಿದ ನಿಜವಾಗಿ ಅಲ್ಲಿ ಏನು ಮಾಡುತ್ತಿದ್ದಾನೆ, ಪ್ರೇಕ್ಷಕ ಅವನಲ್ಲಿ ಏನನ್ನು ನೋಡುತ್ತಿದ್ದಾನೆ ಎಂಬ ಪ್ರಶ್ನೆ ಕೇಳದೆಯೇ ಉಳಿಯುತ್ತದೆ. ಈ ಪ್ರಶ್ನೆಯನ್ನು ನಮ್ಮ ರಂಗಭೂಮಿ, ಸಂಗೀತಗಳಿಗೆ ನೇರವಾಗಿ ಒಡ್ಡುವ ಮೊದಲು, ಅದು ಅತ್ಯಂತ ತೀವ್ರವಾಗಿ ಎದ್ದುಬಂದ ಬೇರೊಂದು ಕ್ಷೇತ್ರದಲ್ಲಿ ಪರಿಶೀಲಿಸುವುದು ಉಪಯುಕ್ತ. ಆ ಕ್ಷೇತ್ರವೆಂದರೆ ರಾಕ್ ಸಂಗೀತ. ಯೌವನದ ಕಲೆಯೆಂದೇ ಹುಟ್ಟಿದ ಈ ಸಂಗೀತಕ್ಕೆ ಮುಪ್ಪು ಬಂದಾಗ ಏನಾಯಿತು ಎಂಬುದು ಎಲ್ಲ ಪ್ರದರ್ಶನ ಕಲೆಗಳಿಗೂ ಪಾಠವಾಗಬಲ್ಲ ಸಂಗತಿ.

ಕರ್ನಾಟಕದ ಮಟ್ಟಿಗೆ ಇದು ದೂರದ ಮಾತಲ್ಲ. 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಹಾಡಿತು. 1962ರಲ್ಲಿ ಲಂಡನ್ನಿನಲ್ಲಿ ರೂಪುಗೊಂಡ ಈ ತಂಡಕ್ಕೆ ಭಾರತದಲ್ಲಿ ಅದೇ ಮೊದಲ ಪ್ರದರ್ಶನ; ಏಪ್ರಿಲ್ 7ರಂದು ಮುಂಬಯಿಯ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಎರಡನೆಯದು ನಡೆಯಿತು. ಗಾಯಕ ಮಿಕ್ ಜಾಗರ್ ಹಾಗೂ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಇಬ್ಬರಿಗೂ ಆಗ 59 ವರ್ಷ, ಡ್ರಮ್ಸ್ ನುಡಿಸುತ್ತಿದ್ದ ಚಾರ್ಲಿ ವಾಟ್ಸ್‌ರಿಗೆ 61. ತಂಡದ ನಲವತ್ತು ವರ್ಷಗಳ ನೆನಪಿಗಾಗಿ ಹೊರಟ ಜಗತ್ ಪ್ರವಾಸದ ಒಂದು ನಿಲ್ದಾಣವಾಗಿತ್ತು ಬೆಂಗಳೂರು. ಮೈದಾನದಲ್ಲಿ ನೆರೆದವರಲ್ಲಿ ಅನೇಕರು ತಂಡದ ಮೊದಲ ಗೀತೆಗಳು ಹೊರಬಂದಾಗ ಹುಟ್ಟಿಯೇ ಇರಲಿಲ್ಲ. ಧ್ವನಿಮುದ್ರಿಕೆಗಳಿಂದ ಮಾತ್ರ ತಿಳಿದಿದ್ದ ಕಂಠವೊಂದನ್ನು ಅವರು ಮೊದಲ ಬಾರಿಗೆ ಎದುರಿಗೆ ಕೇಳಿದರು.

2

ತಂಡದ ಹೆಸರೇ ಚರ್ಚೆಗೆ ಒಂದು ದಾರಿ ತೆರೆಯುತ್ತದೆ. ಅಮೆರಿಕದ ಕರಿಯ ಜನಾಂಗದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ 1950ರಲ್ಲಿ ಹಾಡಿದ ಗೀತೆಯೊಂದರಿಂದ ಆ ಹೆಸರನ್ನು ಆರಿಸಲಾಯಿತು. ಅದರ ಅರ್ಥ ಉರುಳುವ ಕಲ್ಲು. ಒಂದೆಡೆ ನಿಲ್ಲದವನು, ಅಲೆಮಾರಿ. ಕನ್ನಡ ಓದುಗನಿಗೆ ಈ ರೂಪಕ ಸಹಜವಾಗಿಯೇ ಕೂಡಲಸಂಗಮವನ್ನು ನೆನಪಿಗೆ ತರುತ್ತದೆ. ಕೃಷ್ಣಾ–ಮಲಪ್ರಭೆಯರು ಕೂಡುವ ಈ ಕ್ಷೇತ್ರದ ದೈವವನ್ನು ಅಂಕಿತವಾಗಿಸಿಕೊಂಡ ಬಸವಣ್ಣನವರು, ಉಳ್ಳವರು ಕಟ್ಟಿಸುವ ಗುಡಿಗೆ ಬಡವನ ಒಡಲನ್ನು ಎದುರಾಗಿ ನಿಲ್ಲಿಸಿದ ಪ್ರಸಿದ್ಧ ವಚನದಲ್ಲಿ ಸ್ಥಾವರ ಮತ್ತು ಜಂಗಮ ಎಂಬ ಎರಡು ತತ್ತ್ವಗಳನ್ನು ಮುಖಾಮುಖಿಯಾಗಿಸಿದರು. ನಿಂತದ್ದು ಅಳಿಯುತ್ತದೆ, ಚಲಿಸುವುದು ಉಳಿಯುತ್ತದೆ ಎಂಬ ಆ ವಿಚಾರವನ್ನು ಎ. ಕೆ. ರಾಮಾನುಜನ್ ತಮ್ಮ 1973ರ ವಚನಾನುವಾದ ಸಂಕಲನದ ಪ್ರಸ್ತಾವನೆಯಲ್ಲಿ ಇಡೀ ವಚನ ಚಳವಳಿಯ ಕೀಲಿಕೈಯಾಗಿ ಬಳಸಿಕೊಂಡರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಶರಣರ ಜಂಗಮ ಕೇವಲ ಚಲನೆಯಲ್ಲ. ಅದು ಗುರು, ಲಿಂಗಗಳ ಜೊತೆಗೆ ನಿಲ್ಲುವ ಧಾರ್ಮಿಕ ಹಾಗೂ ಸಾಮಾಜಿಕ ಕಲ್ಪನೆ. ದುಬಾರಿ ಟಿಕೀಟಿನ ಮನರಂಜನಾ ಕಾರ್ಯಕ್ರಮವೊಂದನ್ನು ಜಂಗಮವೆಂದು ಕರೆದುಬಿಡುವುದು ಅಸಂಬದ್ಧವಾದೀತು. ಆದರೆ ಆ ಜೋಡಿಪದ ಎತ್ತುವ ಪ್ರಶ್ನೆಯನ್ನು ಪ್ರದರ್ಶನ ಕಲೆಯ ವಿಮರ್ಶೆಗೆ ಮಾನದಂಡವಾಗಿ ಬಳಸಬಹುದು. ಕಟ್ಟಿ ಮುಗಿಸಿದ ಕೃತಿಗೂ ಪ್ರತಿ ಬಾರಿ ಮೈಯಿಂದ ಮೂಡಬೇಕಾದ ಕೃತಿಗೂ ಏನು ಸಂಬಂಧ? ಬಸವಣ್ಣನವರೇ ಇನ್ನೊಂದು ವಚನದಲ್ಲಿ ತಮ್ಮ ದೇಹವನ್ನು ವಾದ್ಯವಾಗಿ ಕಲ್ಪಿಸಿಕೊಂಡಿದ್ದಾರೆಂಬುದನ್ನು ಗಮನಿಸಿದರೆ ಈ ಪ್ರಶ್ನೆ ಹೊರಗಿನಿಂದ ತಂದದ್ದಲ್ಲವೆಂಬುದು ಸ್ಪಷ್ಟವಾಗುತ್ತದೆ. ದೇಹ ವಾದ್ಯವಾದರೆ, ವಾದ್ಯಕ್ಕೆ ಮುಪ್ಪು ಬಂದಾಗ ನಾದ ಏನಾಗುತ್ತದೆ ಎಂಬುದು ಅದರ ಮುಂದಿನ ಪ್ರಶ್ನೆ.

3

ಹಿಂದೂಸ್ತಾನಿ ಸಂಗೀತದಲ್ಲಿ ಈ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ದೊರೆತಿದೆ. ಅಲ್ಲಿ ರಾಗವೆಂಬುದು ಮುಗಿದ ಕೃತಿಯಲ್ಲ. ಎಂಬತ್ತು ದಾಟಿಯೂ ಹಾಡಿದ ಮಲ್ಲಿಕಾರ್ಜುನ ಮನಸೂರರನ್ನು (1910–1992) ಕೇಳಿದವರು ಅವರ ಯೌವನದ ಮುದ್ರಿಕೆಯೊಂದಿಗೆ ಆ ದಿನದ ಗಾಯನವನ್ನು ತಾಳೆ ನೋಡುವ ಅಗತ್ಯವಿರಲಿಲ್ಲ. ರಾಗವೇ ಅಳತೆಗೋಲಾಗಿತ್ತು, ವಯಸ್ಸು ಅಲ್ಲಿ ಪಾಕ.

ರಾಕ್ ಸಂಗೀತದ ಸ್ಥಿತಿ ಬೇರೆ. ಅದರ ಮೂಲಕೃತಿ ಸ್ವರಲಿಪಿಯಲ್ಲ, ರಾಗಲಕ್ಷಣವಲ್ಲ; ಅದು ಧ್ವನಿಮುದ್ರಿಕೆ. ಒಂದು ನಿರ್ದಿಷ್ಟ ದಿನ, ಒಂದು ನಿರ್ದಿಷ್ಟ ಕೋಣೆಯಲ್ಲಿ, ಇಪ್ಪತ್ತೆರಡು ಇಪ್ಪತ್ತಮೂರು ವರ್ಷದ ತರುಣರ ಕಂಠ ಹಾಗೂ ಬೆರಳುಗಳಿಂದ ಹೊಮ್ಮಿದ ಸದ್ದೇ ಅದರ ಪ್ರಮಾಣ. ಕೇಳುಗ ಆ ಸದ್ದನ್ನು ನೂರಾರು ಬಾರಿ ಕೇಳಿ ಬಾಯಿಪಾಠ ಮಾಡಿಕೊಂಡೇ ಮೈದಾನಕ್ಕೆ ಬರುತ್ತಾನೆ. ಆದ್ದರಿಂದ ಹಿರಿಯ ರಾಕ್ ತಂಡ ವೇದಿಕೆಯೇರಿದಾಗ ಅದರ ಎದುರಾಳಿ ಬೇರೆ ಯಾವ ತಂಡವೂ ಅಲ್ಲ, ತನ್ನದೇ ಯೌವನ. ಮುದ್ರಿಕೆ ಸ್ಥಾವರದಂತೆ ನಿಂತಿದೆ. ಮನುಷ್ಯರು ಮಾತ್ರ ಬದಲಾಗಿದ್ದಾರೆ. ಇಂತಹ ತಂಡಗಳನ್ನು ಕುರಿತ ಸಾಮಾನ್ಯ ವಿಮರ್ಶೆ ಎರಡೇ ವಾಕ್ಯಗಳಲ್ಲಿ ಮುಗಿದುಹೋಗುವುದು ಇದರಿಂದಲೇ. ಒಂದು, ಈ ವಯಸ್ಸಿನಲ್ಲಿಯೂ ಎಷ್ಟು ಚುರುಕು ಎಂಬ ಬೆರಗು. ಇನ್ನೊಂದು, ಇನ್ನಾದರೂ ನಿಲ್ಲಿಸಬಾರದೆ ಎಂಬ ವ್ಯಂಗ್ಯ. ಎರಡೂ ಯೌವನವನ್ನೇ ಅಳತೆಯಾಗಿ ಇಟ್ಟುಕೊಂಡ ಮಾತುಗಳು. ಎರಡರಲ್ಲಿಯೂ ಸಂಗೀತದ ಪ್ರಸ್ತಾಪವಿಲ್ಲ.

ರೋಲಿಂಗ್ ಸ್ಟೋನ್ಸ್ ಈ ಇಕ್ಕಟ್ಟಿನಿಂದ ಪಾರಾಗಲು ಸಾಧ್ಯವಾದದ್ದು ತಾನು ಬಂದ ಮೂಲವನ್ನು ಮರೆಯದಿದ್ದುದರಿಂದ. ಬ್ಲೂಸ್ ಗಾಯಕರಿಗೆ ಮುಪ್ಪು ಅಪಮಾನವಾಗಿರಲಿಲ್ಲ. ಮಡ್ಡಿ ವಾಟರ್ಸ್ ಬದುಕಿನ ಕೊನೆಯ ವರ್ಷಗಳವರೆಗೂ ಹಾಡಿದರು. 1981ರ ನವೆಂಬರ್‌ನಲ್ಲಿ ಶಿಕಾಗೋ ನಗರದ ಚಿಕ್ಕ ಕ್ಲಬ್ಬೊಂದರಲ್ಲಿ ಅವರು ಹಾಡುತ್ತಿದ್ದಾಗ ಜಾಗರ್, ರಿಚರ್ಡ್ಸ್ ಅದೇ ವೇದಿಕೆಗೆ ಹೋಗಿ ಜೊತೆಗೂಡಿದರು. ದೊಡ್ಡ ಕ್ರೀಡಾಂಗಣಗಳನ್ನು ತುಂಬಿಸುತ್ತಿದ್ದ ನಡುವಯಸ್ಸಿನವರು ಅಲ್ಲಿ ಶಿಷ್ಯರಾಗಿದ್ದರು. 2016ರಲ್ಲಿ ತಂಡ ಹಳೆಯ ಬ್ಲೂಸ್ ಗೀತೆಗಳನ್ನಷ್ಟೇ ಹಾಡಿ ಒಂದು ಇಡೀ ಮುದ್ರಿಕೆಯನ್ನು ಹೊರತಂದಿತು. ಮುಪ್ಪಾಗುವುದು ಹೇಗೆಂಬುದನ್ನು ರಾಕ್ ತನ್ನ ಹೊಟ್ಟೆಯೊಳಗಿಂದ ಕಂಡುಕೊಳ್ಳಲಿಲ್ಲ, ಹಿರಿಯರಿಂದ ಕಲಿತುಕೊಂಡಿತು ಎಂಬುದು ಇಲ್ಲಿ ಮುಖ್ಯ.

4

ಪ್ರತ್ಯಕ್ಷ ಪ್ರದರ್ಶನದಲ್ಲಿ ಮಾತ್ರ ಕಾಣುವಂಥದ್ದು ಏನು ಎಂಬುದನ್ನು ಈ ತಂಡದ ಮೂವರ ಕೆಲಸದಿಂದ ಗುರುತಿಸಬಹುದು.

ಮೊದಲನೆಯದು ಚಾರ್ಲಿ ವಾಟ್ಸ್‌ರ ಕೈ. ಜಾಝ್ ಸಂಗೀತದ ಪ್ರೀತಿಯಿಂದ ಬೆಳೆದ ವಾಟ್ಸ್‌ರಿಗೆ ಒಂದು ವಿಶಿಷ್ಟ ರೂಢಿಯಿತ್ತು. ಸಾಮಾನ್ಯ ಡ್ರಮ್ಸ್ ವಾದಕ ಎಡಗೈಯಿಂದ ಮುಖ್ಯ ಪೆಟ್ಟನ್ನು ಹೊಡೆಯುವಾಗ ಬಲಗೈ ಜೋಡಿ ತಾಳದ ಮೇಲೆ ತನ್ನ ಪಾಡಿಗೆ ನುಡಿಯುತ್ತಲೇ ಇರುತ್ತದೆ. ವಾಟ್ಸ್ ಆ ಕ್ಷಣದಲ್ಲಿ ಬಲಗೈಯನ್ನು ಎತ್ತಿಬಿಡುತ್ತಿದ್ದರು. ಕೇಳುಗನಿಗೆ ಇದು ಸದ್ದಾಗಿ ತಿಳಿಯುವುದಿಲ್ಲ, ಲಯದಲ್ಲಿನ ಒಂದು ಉಸಿರಾಟವಾಗಿ ತಿಳಿಯುತ್ತದೆ. ನೋಡುಗನಿಗೆ ಮಾತ್ರ ಅದು ಗಾಳಿಯಲ್ಲಿ ನಿಂತ ಕೈಯಾಗಿ ಕಾಣುತ್ತದೆ. ಮುದ್ರಿಕೆಯಲ್ಲಿ ಫಲ ದೊರೆಯುತ್ತದೆ, ವೇದಿಕೆಯಲ್ಲಿ ಕ್ರಿಯೆ ಕಾಣುತ್ತದೆ. ಮುಖದಲ್ಲಿ ಯಾವ ಭಾವವನ್ನೂ ತೋರದೆ, ಅರವತ್ತರ ವಯಸ್ಸಿನಲ್ಲಿ, ಅತಿ ಕಡಿಮೆ ಉಪಕರಣಗಳ ಹಿಂದೆ ಕುಳಿತು ಅವರು ತೋರಿದ ಮಿತವ್ಯಯ ಪ್ರಾಯದ ಬಲ ಕುಗ್ಗಿದ್ದರಿಂದ ಬಂದದ್ದಲ್ಲ. ಅದು ಮೊದಲಿನಿಂದಲೂ ಇದ್ದು ವಯಸ್ಸಿನಿಂದ ಮಾಗಿದ ಗುಣ.

ಎರಡನೆಯದು ಕೀತ್ ರಿಚರ್ಡ್ಸ್‌ರ ಗಿಟಾರ್. ಅವರು ತಮ್ಮ ಪ್ರಸಿದ್ಧ ಗೀತೆಗಳಲ್ಲಿ ಅನೇಕವನ್ನು ಆರನೆಯ ತಂತಿಯನ್ನೇ ತೆಗೆದುಹಾಕಿ, ಉಳಿದ ಐದು ತಂತಿಗಳನ್ನು ಬೇರೆ ರೀತಿಯಲ್ಲಿ ಶ್ರುತಿಗೊಳಿಸಿ ನುಡಿಸುತ್ತಾರೆ. ಹೆಚ್ಚಿನ ತಂಡಗಳಲ್ಲಿ ಗಿಟಾರ್ ವಾದಕ ಡ್ರಮ್ಸ್‌ನ ಹಿಂದೆ ಹೋದರೆ ಇಲ್ಲಿ ಡ್ರಮ್ಸ್ ಗಿಟಾರನ್ನು ಅನುಸರಿಸುತ್ತಿತ್ತೆಂದು ಸಂಗೀತಜ್ಞರು ಗುರುತಿಸಿದ್ದಾರೆ. ಇಬ್ಬರ ನಡುವಿನ ಕೂದಲೆಳೆಯ ಅಂತರದಿಂದ ಗೀತೆ ಈಗ ಕುಸಿಯುತ್ತದೆ ಎನ್ನಿಸಿ ಕುಸಿಯದೆ ಮುಂದುವರಿಯುತ್ತದೆ. ಈ ಅನುಭವಕ್ಕೆ ನಲವತ್ತು ವರ್ಷಗಳ ಜೊತೆವಾಸ ಬೇಕು. ತರುಣರು ಇದನ್ನು ಅಭ್ಯಾಸದಿಂದ ಪಡೆಯಲಾರರು. 2023ರ ಸಂದರ್ಶನವೊಂದರಲ್ಲಿ ರಿಚರ್ಡ್ಸ್, ಸಂಧಿವಾತದಿಂದ ತಮ್ಮ ನುಡಿಸುವ ರೀತಿ ಬದಲಾಗಿದೆಯೆಂದೂ ಹಳೆಯ ದಾರಿ ಮುಚ್ಚಿದಲ್ಲಿ ವಾದ್ಯವೇ ಇನ್ನೊಂದು ದಾರಿಯನ್ನು ತೋರಿಸುತ್ತದೆಂದೂ ಹೇಳಿಕೊಂಡರು. ದೇಹದ ಮಿತಿಯೇ ರಚನೆಯ ಕಾರಣವಾಗುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಡ.

ಮೂರನೆಯದು ಜಾಗರ್‌ರ ಓಡಾಟ. ಇಲ್ಲಿ ವಿಮರ್ಶೆ ಹೆಚ್ಚು ನಿಷ್ಠುರವಾಗಬೇಕಾಗುತ್ತದೆ. ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡುವ, ಸೊಂಟ ತಿರುಗಿಸುವ, ಕೈ ಬೀಸಿ ಜನಸ್ತೋಮವನ್ನು ಕರೆಯುವ ಅವರ ಶೈಲಿ ಇಪ್ಪತ್ತರ ಹರೆಯದಲ್ಲಿ ಪ್ರತಿಭಟನೆಯಾಗಿತ್ತು. ಅರವತ್ತರಲ್ಲಿ ಅದು ಆ ಪ್ರತಿಭಟನೆಯ ನೆನಪು. ವಾಟ್ಸ್ ಮತ್ತು ರಿಚರ್ಡ್ಸ್ ವಯಸ್ಸನ್ನು ಒಳಗೆ ಬಿಟ್ಟುಕೊಂಡರೆ ಜಾಗರ್ ಅದನ್ನು ಬಾಗಿಲಲ್ಲಿ ತಡೆಯುತ್ತಾರೆ. ಪ್ರದರ್ಶನದ ಶಿಸ್ತು, ದೈಹಿಕ ಸಿದ್ಧತೆಗಳು ಮೆಚ್ಚತಕ್ಕವೇ. ಆದರೆ ಪ್ರೇಕ್ಷಕ ಅಲ್ಲಿ ಚಪ್ಪಾಳೆ ತಟ್ಟುವುದು ಹೆಚ್ಚಾಗಿ ಅಂಗಸಾಧನೆಗೆ. ಅವರು ಓಟ ನಿಲ್ಲಿಸಿ ಹಾರ್ಮೋನಿಕಾ ವಾದ್ಯವನ್ನು ಬಾಯಿಗಿಟ್ಟುಕೊಳ್ಳುವ ಬ್ಲೂಸ್ ಗೀತೆಗಳಲ್ಲಿ ಮಾತ್ರ ಈ ಅಂತರ ಅಳಿಸಿಹೋಗುತ್ತದೆ. ಮಾರ್ಟಿನ್ ಸ್ಕೋರ್ಸೆಸೆ 2006ರಲ್ಲಿ ನ್ಯೂಯಾರ್ಕಿನ ರಂಗಮಂದಿರವೊಂದರಲ್ಲಿ ಚಿತ್ರೀಕರಿಸಿ 2008ರಲ್ಲಿ ಬಿಡುಗಡೆ ಮಾಡಿದ ಸಾಕ್ಷ್ಯಚಿತ್ರದಲ್ಲಿ ಈ ಎರಡೂ ಬಗೆಗಳು ಅಕ್ಕಪಕ್ಕದಲ್ಲಿಯೇ ಕಾಣುತ್ತವೆ.

5

ಇಷ್ಟು ಹೇಳಿದ ಮೇಲೆ ಮೈದಾನದ ವಾಸ್ತವವನ್ನು ಮರೆಯುವಂತಿಲ್ಲ. ಸಾವಿರಾರು ಜನ ಸೇರುವ ಬಯಲಿನಲ್ಲಿ ಹೆಚ್ಚಿನವರು ಕಲಾವಿದನನ್ನು ನೋಡುವುದು ವೇದಿಕೆಯ ಪಕ್ಕದ ಬೃಹತ್ ಪರದೆಗಳ ಮೇಲೆ. ಗಾಳಿಯಲ್ಲಿ ನಿಂತ ವಾಟ್ಸ್‌ರ ಕೈಯನ್ನು ತೋರಿಸಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವವನು ಚಿತ್ರಗ್ರಾಹಕ. ಪ್ರತ್ಯಕ್ಷವೆಂದು ಕರೆಯುವುದರೊಳಗೆ ಮಾಧ್ಯಮ ಹೀಗೆ ಸೇರಿಕೊಂಡಿದೆ. ತಂಡಕ್ಕೂ ಈ ಅರಿವಿತ್ತು. 2002–03ರ ಅದೇ ಪ್ರವಾಸದಲ್ಲಿ ಅದು ಕ್ರೀಡಾಂಗಣ, ಒಳಾಂಗಣ, ಚಿಕ್ಕ ರಂಗಮಂದಿರ ಎಂದು ಮೂರು ಬಗೆಯ ಸ್ಥಳಗಳನ್ನು ಆರಿಸಿಕೊಂಡು, ಸ್ಥಳಕ್ಕೆ ತಕ್ಕಂತೆ ಗೀತೆಗಳನ್ನು ಬದಲಾಯಿಸಿತು. ಬಯಲಿನಲ್ಲಿ ಎಲ್ಲರೂ ಬಲ್ಲ ಗೀತೆಗಳು, ಚಿಕ್ಕ ಮಂದಿರದಲ್ಲಿ ಅಪರೂಪದವು. ಬೆಂಗಳೂರಿಗೆ ದೊರೆತದ್ದು ಬಯಲಿನ ಪಾಲು. ಟಿಕೀಟಿನ ಬೆಲೆ, ಪ್ರಾಯೋಜಕರ ಫಲಕಗಳು, ನಗರದ ಇಂಗ್ಲಿಷ್ ಬಲ್ಲ ವರ್ಗಕ್ಕೆ ಸೀಮಿತವಾದ ಪ್ರೇಕ್ಷಕವೃಂದ ಇವೆಲ್ಲ ಜಾಗತೀಕರಣದ ಕಾಲದ ಲಕ್ಷಣಗಳೆಂಬ ಟೀಕೆಯಲ್ಲಿ ಹುರುಳಿದೆ.

ಆದರೆ ಆ ಟೀಕೆ ಪ್ರೇಕ್ಷಕನ ಅನುಭವವನ್ನು ಪೂರ್ತಿಯಾಗಿ ವಿವರಿಸುವುದಿಲ್ಲ. ಎರಡು ವರ್ಷಗಳ ನಂತರ, 2005ರಲ್ಲಿ, ಅದೇ ಅರಮನೆ ಮೈದಾನದಲ್ಲಿ ಸಿ. ಅಶ್ವಥ್ ನಡೆಸಿದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಅಪಾರ ಜನಸ್ತೋಮ ಸೇರಿತು. ಅಶ್ವಥ್ (1939–2009) ಅವರಿಗೆ ಆಗ 65 ವರ್ಷ. ಅಲ್ಲಿ ಸೇರಿದವರೂ ಆ ಗೀತೆಗಳನ್ನು ಧ್ವನಿಸುರುಳಿಗಳಲ್ಲಿ ಕೇಳಿ ಬಾಯಿಪಾಠ ಮಾಡಿಕೊಂಡವರೇ. ಭಾಷೆ, ವರ್ಗ, ಸಂಸ್ಕೃತಿಗಳಲ್ಲಿ ಎರಡು ಪ್ರೇಕ್ಷಕವೃಂದಗಳು ಭಿನ್ನವಾದರೂ ಹಂಬಲ ಒಂದೇ: ಸುರುಳಿಯಲ್ಲಿ ಕೇಳಿದ ಕಂಠದ ಮನುಷ್ಯನನ್ನು ಅವನು ಇನ್ನೂ ಹಾಡಬಲ್ಲ ಹೊತ್ತಿನಲ್ಲಿ ಕಾಣಬೇಕು, ಅವನೊಡನೆ ತಾವೂ ದನಿಗೂಡಿಸಬೇಕು. ಏರುದನಿಯಲ್ಲಿ ಅಶ್ವಥ್‌ರ ಕಂಠ ಒರಟಾಗಿ ಒಡೆಯುವ ಜಾಗಗಳನ್ನೇ ಕೇಳುಗರು ಪ್ರೀತಿಸಿದರು ಎಂಬುದು ಗಮನಾರ್ಹ. ನುಣುಪನ್ನು ಬಯಸುವವರು ಮನೆಯಲ್ಲಿಯೇ ಸುರುಳಿ ಕೇಳಬಹುದಿತ್ತು.

ಹಿರಿಯ ತಂಡಗಳೆಲ್ಲವೂ ನೆನಪನ್ನೇ ಮಾರುತ್ತವೆಂಬ ಮಾತೂ ಪೂರ್ಣಸತ್ಯವಲ್ಲ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿಯೇ ಹಾಡಿದ ಐರನ್ ಮೇಡನ್ ತಂಡ 1975ರಲ್ಲಿ ಹುಟ್ಟಿದ್ದು. ಹಿಂದಿನ ವರ್ಷವಷ್ಟೇ ಹೊರಬಂದ ತನ್ನ ಮುದ್ರಿಕೆಯ ಹೆಸರಿನಲ್ಲಿಯೇ ಅದು ಆ ಪ್ರವಾಸವನ್ನು ಆರಂಭಿಸಿತ್ತು. ಹಳೆಯದನ್ನು ಕೇಳಲು ಬಂದವರ ಮುಂದೆ ಹೊಸದನ್ನು ಇಡುವುದು ಸಣ್ಣ ಸಾಹಸವಲ್ಲ. ಮುಂದಿನ ಪೀಳಿಗೆಯಲ್ಲಿ ಶಿಶುನಾಳ ಶರೀಫರ ಪದಗಳನ್ನು ರಾಕ್ ವಾದ್ಯಗಳೊಡನೆ ಹಾಡಿದ ರಘು ದೀಕ್ಷಿತರಂಥ ಕನ್ನಡದ ಗಾಯಕರು ವೇದಿಕೆಯನ್ನೇ ತಮ್ಮ ಮುಖ್ಯ ನೆಲೆಯಾಗಿಸಿಕೊಂಡುದನ್ನೂ ಇಲ್ಲಿ ನೆನೆಯಬಹುದು.

6

ಈಗ ಆರಂಭದ ಪ್ರಶ್ನೆಯನ್ನು ಕೂಡಲಸಂಗಮದ ಸುತ್ತಲಿನ ನೆಲಕ್ಕೆ ತರಬಹುದು. ಹುನಗುಂದ, ಇಳಕಲ್ಲ, ಬಾದಾಮಿ, ಬಾಗಲಕೋಟೆಗಳ ಸೀಮೆ ಹಿರಿಯ ಕಲಾವಿದರನ್ನು ರಂಗದ ಮೇಲೆ ನೋಡಿಯೇ ಬೆಳೆದ ಸೀಮೆ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಸಾಲಾಗಿ ಡೇರೆ ಹಾಕುತ್ತವೆ. ಹಳೆಯ ನಟನೊಬ್ಬ ಬಂದಿದ್ದಾನೆಂಬ ಸುದ್ದಿಯೇ ಅಲ್ಲಿ ಜನರನ್ನು ಸೇರಿಸುತ್ತಿತ್ತು. ಬಸವೇಶ್ವರನ ಪಾತ್ರದಿಂದ ಮನೆಮಾತಾದ ಏಣಗಿ ಬಾಳಪ್ಪನವರು (1914–2017) ಇಳಿವಯಸ್ಸಿನಲ್ಲಿಯೂ ರಂಗಗೀತೆ ಹಾಡುವಾಗ ಕೇಳುಗರು ಅವರ ಯೌವನವನ್ನು ಹುಡುಕಲಿಲ್ಲ. ಆ ವಯಸ್ಸಿನ ಕಂಠದಲ್ಲಿ ಗೀತೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಮತ್ತೆ ಏಳುತ್ತದೆ ಎಂಬುದನ್ನು ಕಿವಿಗೊಟ್ಟು ಕೇಳಿದರು. ಕೌಜಲಗಿ ನಿಂಗಮ್ಮನವರಂಥ ಕಲಾವಿದೆಯರಿಂದ ಹೆಸರಾದ ಶ್ರೀಕೃಷ್ಣ ಪಾರಿಜಾತದಲ್ಲಿಯೂ ಇದೇ ನಿಯಮ. ಕಥೆ ಎಲ್ಲರಿಗೂ ಗೊತ್ತು, ಹಾಡುಗಳೂ ಗೊತ್ತು. ಸತ್ಯಭಾಮೆಗೂ ದೂತಿಗೂ ನಡೆಯುವ ಮಾತಿನ ಜಟಾಪಟಿ ಮಾತ್ರ ಆ ರಾತ್ರಿಯದು, ಆ ಊರಿನದು. ನುರಿತ ಹಿರಿಯರು ಅಲ್ಲಿ ಗೆಲ್ಲುವುದು ಮೈಬಲದಿಂದಲ್ಲ, ಎದುರಿಗಿರುವವರನ್ನು ಓದುವ ಶಕ್ತಿಯಿಂದ.

ಆದರೆ ಈ ಪರಂಪರೆಗೆ ಸಾರ್ವಜನಿಕ ಸಂಸ್ಥೆಗಳು ನೀಡುತ್ತ ಬಂದ ಗೌರವದ ರೀತಿ ವಿಚಾರಾರ್ಹ. ಹಿರಿಯ ಕಲಾವಿದನನ್ನು ವೇದಿಕೆಗೆ ಕರೆಯುವುದು ಬಹುಪಾಲು ಸನ್ಮಾನಕ್ಕೆ. ಶಾಲು ಹೊದಿಸಿ, ಹಾರ ಹಾಕಿ, ಫಲಪುಷ್ಪ ನೀಡಿ ಕುಳ್ಳಿರಿಸಲಾಗುತ್ತದೆ. ಇಡೀ ರಾತ್ರಿಯ ಆಟವನ್ನು ಉತ್ಸವದ ವೇಳಾಪಟ್ಟಿಗೆ ಹೊಂದುವಂತೆ ಕಾಲು ಗಂಟೆಗೆ ಕತ್ತರಿಸಲಾಗುತ್ತದೆ. ವಚನಗಾಯನ ಸಮಾರಂಭದ ಮೊದಲಿಗೆ, ಸಭಿಕರು ಇನ್ನೂ ಕುರ್ಚಿ ಹುಡುಕುತ್ತಿರುವಾಗ, ಪ್ರಾರ್ಥನೆಯಾಗಿ ಮುಗಿದುಹೋಗುತ್ತದೆ. ದಾಖಲೀಕರಣಕ್ಕೆ ಅನುದಾನ ದೊರೆತಷ್ಟು ಸುಲಭವಾಗಿ ಪ್ರದರ್ಶನಕ್ಕೆ ದೊರೆಯುವುದಿಲ್ಲ. ಜಂಗಮವಾಗಿದ್ದುದನ್ನು ಗೌರವದ ಹೆಸರಿನಲ್ಲಿಯೇ ಸ್ಥಾವರವಾಗಿಸುವ ಕೆಲಸವಿದು. ಒಂದು ವಾಣಿಜ್ಯ ರಾಕ್ ತಂಡ ತನ್ನ ಅರವತ್ತರ ಕಲಾವಿದರಿಗೆ ಎರಡು ಗಂಟೆಗಳ ಪೂರ್ಣ ಪ್ರದರ್ಶನವನ್ನು, ಸೋಲುವ ಅವಕಾಶವನ್ನೂ ಸೇರಿಸಿ, ಕೊಟ್ಟಿತು. ಅದರ ಹಿಂದಿದ್ದುದು ಲಾಭದ ಲೆಕ್ಕಾಚಾರವೇ ಇರಬಹುದು. ಆದರೆ ಹಿರಿಯನನ್ನು ಕಲಾವಿದನೆಂದೇ ನಡೆಸಿಕೊಂಡ ಮಟ್ಟಿಗೆ ಅದು ಸನ್ಮಾನಕ್ಕಿಂತ ದೊಡ್ಡ ಗೌರವ.

ಸ್ಥಾವರ ಬೇಡವೆಂದು ಇದರ ಅರ್ಥವಲ್ಲ. ನಾರಾಯಣಪುರ ಜಲಾಶಯದ ಹಿನ್ನೀರು ಸಂಗಮವನ್ನು ಆವರಿಸಿದಾಗ ಬಸವಣ್ಣನವರ ಐಕ್ಯಸ್ಥಳವನ್ನು ಸುತ್ತುಗೋಡೆ ಕಟ್ಟಿ ಉಳಿಸಿಕೊಳ್ಳಲಾಯಿತು. ಹಾಗೆ ಉಳಿಸಿಕೊಳ್ಳದಿದ್ದರೆ ನಷ್ಟವಾಗುತ್ತಿತ್ತು. ಧ್ವನಿಮುದ್ರಣ, ಚಿತ್ರೀಕರಣಗಳೂ ಅಂಥದೇ ಅಗತ್ಯ ಕೆಲಸಗಳು. 2021ರ ಆಗಸ್ಟ್ 24ರಂದು ತೀರಿಕೊಂಡ ಚಾರ್ಲಿ ವಾಟ್ಸ್‌ರ ಕೈಯನ್ನು ಇನ್ನು ಮುಂದಿನವರು ನೋಡುವುದು ಚಿತ್ರಿಕೆಯಲ್ಲಿ ಮಾತ್ರ. ಆದರೆ ಅವರ ಮರಣದ ನಂತರ ತಂಡ ಸ್ಟೀವ್ ಜೋರ್ಡನ್ ಎಂಬ ವಾದಕನನ್ನು ಜೊತೆಗಿಟ್ಟುಕೊಂಡು ಪ್ರವಾಸ ಮುಂದುವರಿಸಿತು, 2023ರಲ್ಲಿ ಹೊಸ ಗೀತೆಗಳ ಮುದ್ರಿಕೆಯನ್ನು ತಂದಿತು, 2024ರಲ್ಲಿ ಎಂಬತ್ತರ ಪ್ರಾಯದಲ್ಲಿ ಜಾಗರ್ ಮತ್ತೆ ವೇದಿಕೆಯೇರಿದರು. ವಾಟ್ಸ್‌ರ ಅನುಕರಣೆಯಾಗಿದ್ದರೆ ಅದು ಸ್ಮಾರಕವಾಗುತ್ತಿತ್ತು. ಜೋರ್ಡನ್ ತಮ್ಮದೇ ಭಾರದ ಪೆಟ್ಟಿನಿಂದ ನುಡಿಸಿದ್ದರಿಂದ ಹಳೆಯ ಗೀತೆಗಳು ಬೇರೆಯಾಗಿ ಕೇಳಿಸಿದವು. ಕೆಲವರಿಗೆ ಇಷ್ಟವಾಯಿತು, ಕೆಲವರಿಗೆ ಆಗಲಿಲ್ಲ. ಆ ಭಿನ್ನಾಭಿಪ್ರಾಯ ಸಾಧ್ಯವಾದದ್ದೇ ಸಂಗೀತ ಇನ್ನೂ ನಡೆಯುತ್ತಿದೆ ಎಂಬುದರ ಗುರುತು.

ಹಿರಿಯ ಕಲಾವಿದನ ಪ್ರತ್ಯಕ್ಷ ಪ್ರದರ್ಶನವನ್ನು ಅಳೆಯಲು ವಿಮರ್ಶೆಗೆ ಬೇಕಾದದ್ದು ಈ ಒಂದು ಪ್ರಶ್ನೆ: ಈ ರಾತ್ರಿಯ ಆಟ ನಿನ್ನೆಯದಕ್ಕಿಂತ ಬೇರೆಯಾಗುವ ಅವಕಾಶವಿತ್ತೇ? ಇತ್ತೆಂದಾದರೆ ಕಲಾವಿದನ ವಯಸ್ಸು ಎಷ್ಟೇ ಇರಲಿ, ಅದನ್ನು ಆ ಹೊತ್ತಿನ ಕಲೆಯೆಂದೇ ಪರಿಗಣಿಸಿ ಗುಣದೋಷ ವಿವೇಚನೆ ಮಾಡಬೇಕು. ಇಲ್ಲವೆಂದಾದರೆ ಇಪ್ಪತ್ತರ ಹರೆಯದವನ ಪ್ರದರ್ಶನವೂ ಸ್ಥಾವರವೇ. ಅಕಾಡೆಮಿಗಳೂ ಉತ್ಸವ ಸಮಿತಿಗಳೂ ಈ ಪ್ರಶ್ನೆಯನ್ನು ತಮಗೂ ಹಾಕಿಕೊಂಡರೆ, ಹುನಗುಂದದ ಸೀಮೆಯ ಹಿರಿಯ ಪಾರಿಜಾತ ಕಲಾವಿದೆಗೆ ಶಾಲಿನ ಜೊತೆಗೆ ಒಂದು ಇಡೀ ರಾತ್ರಿಯೂ ದೊರೆತೀತು.